ಭಟ್ಟಿ ಮುಚ್ಚಿದರೆ ಬಿಸಿಲು ಇಳಿಯುತ್ತದಾ?

ಓದುಗರ ಪತ್ರ: ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ನಮ್ಮ ಮನೆ. ಕೆಲವರು ಹಳೇ ಟೈರ್ ಸುಡುತ್ತಾರೆ. ಬೆಳಗ್ಗೆ ಎದ್ದರೆ ಮೂಗಲ್ಲಿ ಮಸಿ. ಭೂಮಿ ಬಿಸಿಯಾಗುತ್ತಿರುವುದು ಈ ಹೊಗೆಯಿಂದಲೇ ಅಲ್ವಾ? ಭಟ್ಟಿ ಮುಚ್ಚಿಸಿದರೆ ಬಿಸಿಲು ಇಳಿಯುತ್ತದಾ?

ಸಂಪಾದಕರ ಉತ್ತರ: ಬಿಸಿಲು ಇಳಿಯುವುದಿಲ್ಲ. ನಿಮ್ಮ ಮೂಗಿಗೆ ಮಾತ್ರ ಬೇಗ ನೆಮ್ಮದಿ ಸಿಗುತ್ತದೆ. ಅದೇನು ಸಣ್ಣ ಲಾಭವಲ್ಲ.

ಕಣ್ಣಿಗೆ ಕಾಣುವ ಹೊಗೆಯಲ್ಲಿರುವುದು ಸಣ್ಣ ಸಣ್ಣ ಕಣಗಳು. ಅವು ಗಾಳಿಯಲ್ಲಿ ಹೆಚ್ಚೆಂದರೆ ಒಂದೆರಡು ವಾರ ಇರುತ್ತವೆ, ಮಳೆ ಬಂದರೆ ತೊಳೆದುಹೋಗುತ್ತವೆ. ಚಳಿಗಾಲದ ಬೆಳಗ್ಗೆ ಕಾಟ ಜಾಸ್ತಿ. ಆಗ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ. ಹೊಗೆ ಮೇಲೇರಲಾಗದೆ ಓಣಿಯಲ್ಲೇ ಕೂರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮ ದಾವಣಗೆರೆಯೂ ಇದೆ. ಪಿಎಂ 10 ಎಂಬ ದೂಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ನಿಯಮ. ಆ ದೂಳಲ್ಲಿ ರಸ್ತೆಯದೂ ಸೇರಿದೆ. ಎಲ್ಲವನ್ನೂ ಸುಮ್ನೆ ಭಟ್ಟಿಯವರ ತಲೆಗೆ ಕಟ್ಟುವುದು ಬೇಡ.

ಭೂಮಿಯನ್ನು ಬಿಸಿ ಮಾಡುವುದರಲ್ಲಿ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡಿನದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೆಲದಿಂದ ಮೇಲೇಳುವ ಶಾಖವನ್ನು ಹೀರಿಕೊಂಡು ಒಂದಷ್ಟನ್ನು ಮತ್ತೆ ಕೆಳಕ್ಕೇ ಕಳಿಸುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ 10 ಲಕ್ಷ ಪಾಲಿನಲ್ಲಿ ಅದು ಸುಮಾರು 280 ಇತ್ತು. ಈಗ 420 ದಾಟಿದೆ. ಇವತ್ತು ಬಿಟ್ಟದ್ದರಲ್ಲಿ ಒಂದು ಪಾಲು ಸಾವಿರ ವರ್ಷ ಕಳೆದರೂ ಗಾಳಿಯಲ್ಲೇ ಇರುತ್ತದೆ. ಎಲ್ಲಿ ಬಿಟ್ಟರೂ ಇಡೀ ಭೂಮಿಯ ಗಾಳಿಗೆ ಬೆರೆಯುತ್ತದೆ.

ಇನ್ನು ನಿಮ್ಮ ಭಟ್ಟಿಗೆ ಬರೋಣ. ಅಲ್ಲಿ ಏನು ಸುಡುತ್ತಾರೆ ಎಂಬುದೇ ಮುಖ್ಯ. ಭತ್ತದ ಹೊಟ್ಟು ಸುಟ್ಟರೆ ಬರುವ ಇಂಗಾಲವನ್ನು ಆ ಪೈರು ಅದೇ ಬೆಳೆಯಲ್ಲಿ ಗಾಳಿಯಿಂದಲೇ ಎಳೆದುಕೊಂಡಿತ್ತು. ಟೈರಿನ ಇಂಗಾಲ ಬಹುಪಾಲು ನೆಲದಾಳದ ಎಣ್ಣೆಯದು, ಗಾಳಿಗೆ ಹೊಸದಾಗಿ ಸೇರುತ್ತದೆ. ಜೊತೆಗೆ ಗಂಧಕ, ಕ್ಯಾನ್ಸರ್ ತರುವ ವಸ್ತುಗಳು, ಬಿಸಿಲು ಹೀರಿ ಕಾಯುವ ಕಪ್ಪು ಮಸಿ. ಆದರೂ ಟೈರ್ ನಿಲ್ಲಿಸಿ ಎನ್ನಲು ಭೂಮಿಯ ಬಿಸಿಯ ಮಾತೇ ಬೇಕಿಲ್ಲ. ಭಟ್ಟಿ ಮುಂದೆ ದುಡಿಯುವವರ ಶ್ವಾಸಕೋಶ ನೋಡಿದರೆ ಸಾಕು. ಮುಚ್ಚಿಸಿದರೆ ಅವರ ಅನ್ನವೂ ಹೋಗುತ್ತದೆ. ಉರುವಲು ಬದಲಾಯಿಸಲು ಅವರಿಗೆ ನೆರವು ಕೊಡಿ ಎಂದು ಕೇಳುವುದು ಸರಿ. ಮಂಡಕ್ಕಿ-ಮೆಣಸಿನಕಾಯಿ ಬಿಟ್ಟು ನಾವಾದರೂ ಎಲ್ಲಿ ಹೋಗೋಣ?

ಬಿಸಿಯದೇ ಚಿಂತೆಯಾದರೆ ಭಟ್ಟಿಗಿಂತ ಹಿಂದಕ್ಕೆ, ಭತ್ತದ ಗದ್ದೆಗೆ ಹೋಗಿ. ಭದ್ರಾ ನಾಲೆಯ ನೀರು ನಿಂತ ಕೆಸರಿಗೆ ಆಮ್ಲಜನಕ ಇಳಿಯುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಮಾಡುತ್ತದೆ. ಆದರೆ 12 ವರ್ಷದ ಸುಮಾರಿಗೆ ಬಹುಪಾಲು ಕರಗುತ್ತದೆ. ಹಾಗಾಗಿ ಇಲ್ಲಿ ಕಡಿಮೆ ಮಾಡಿದರೆ ಫಲ ಬೇಗ ಕಾಣುತ್ತದೆ. ಗದ್ದೆಗೆ ನೀರು ಕಟ್ಟಿ, ಕೆಲವು ದಿನ ಆರಲು ಬಿಟ್ಟು, ಮತ್ತೆ ಕಟ್ಟಿದರೆ ಮೀಥೇನ್ ಸಾಕಷ್ಟು ಇಳಿಯುತ್ತದೆ. ನೀರೂ ಉಳಿಯುತ್ತದೆ. ಆದರೆ ನಾಲೆಯ ಕೊನೇ ಭಾಗದ ರೈತರಿಗೆ ಇದನ್ನು ಹೇಳಿ ನೋಡಿ. ಮುಂದಿನ ಸರದಿಯ ನೀರು ಬರುತ್ತದೋ ಇಲ್ಲವೋ ಎಂಬ ಭಯಕ್ಕೆ, ಬಂದ ದಿನವೇ ಬದು ತುಂಬಿಸಿಕೊಳ್ಳುತ್ತಾರೆ. ಸರದಿ ತಪ್ಪುವುದಿಲ್ಲ ಎಂಬ ಭರವಸೆ ಮೊದಲು ಬೇಕು.