ಕೆಡವೋಕೆ ಹೊರಟಿದ್ದ ಆರ್ಕೇಡ್ ಉಳ್ಕೊಂಡಿದ್ದು ಹೇಗೆ?

ಪ್ರಶ್ನೆ: ಮಗಳ ಮನೆಗೆ ಅಂತ ಸಿಡ್ನಿಗೆ ಹೋಗಿದ್ವಿ, ಅಲ್ಲಿ ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್ ಅನ್ನೋ ಹಳೇ ಅಂಗಡಿಸಾಲಿನ ಕಟ್ಟಡ (ಆರ್ಕೇಡ್) ನೋಡಿ ದಂಗಾಗ್ಬಿಟ್ವಿ. ಅದನ್ನ ಒಂದ್ಸಲ ಕೆಡವೋಕೆ ಹೊರಟಿದ್ರಂತೆ, ನಿಜಾನಾ? ನಮ್ಮ ಬೆಂಗಳೂರಿನ ರಸೆಲ್ ಮಾರ್ಕೆಟ್‌ನೂ ಹಾಗೆ ರಿಪೇರಿ ಮಾಡ್ಬಹುದಲ್ವಾ?
(ಓದುಗರು, ಬಸವನಗುಡಿ)

ಉತ್ತರ: ನಿಜ ರೀ. ಅದು ಶುರುವಾಗಿದ್ದು 1898ರಲ್ಲಿ, ಕಟ್ಟಿದ್ದು ಜಾರ್ಜ್ ಮೆಕ್ರೇ ಅನ್ನೋ ಆರ್ಕಿಟೆಕ್ಟ್. ಆಗ ಅಲ್ಲಿ ಕೆಲಸ ಇಲ್ದೆ ಜನ ಒದ್ದಾಡ್ತಿದ್ದ ಕಾಲ, ಕಲ್ಲು ಕೆತ್ತೋರು, ಗಾರೆ ಕೆಲಸದೋರು, ಬಣ್ಣದ ಗಾಜಿನ ಕೆಲಸದೋರು ಎಲ್ರಿಗೂ ಅದರಿಂದ ಕೂಲಿ ಸಿಕ್ತು, ಆ ಕುಸುರಿ ನೋಡಿದ್ರೆ ಗೊತ್ತಾಗುತ್ತೆ. ದರ್ಜಿಗಳು, ಹೂವಿನೋರು, ಕ್ಷೌರದೋರು, ಕಾಫಿ ಅಂಗಡಿ, ಮೇಲೊಂದು ಸಂಗೀತದ ಹಾಲ್, ನೆಲಮಾಳಿಗೇಲಿ ಮಾರ್ಕೆಟ್ಟು. ವ್ಯಾಪಾರ ಮಾತ್ರ ಅಂದ್ಕೊಂಡಷ್ಟು ನಡೀಲಿಲ್ಲ, 1930ರ ದಶಕದಲ್ಲಿ ಒಳಗೆಲ್ಲ ಒಡೆದು ಕೌನ್ಸಿಲ್ ಆಫೀಸುಗಳನ್ನ ತುರುಕಿದ್ರು, 1959ರಲ್ಲಂತೂ ಮೇಯರ್ರೇ ಇದನ್ನ ಕೆಡವೋಣ ಅಂದ್ರು. ಜನ ಬಿಡ್ಲಿಲ್ಲ. 1971ರಲ್ಲಿ ಉಳಿಸ್ತೀವಿ ಅಂತ ಮಾತು ಬಂತು, ಆದ್ರೂ ದುಡ್ಡು ಹಾಕೋರು ಸಿಗೋಕೆ ಇನ್ನೂ ಹತ್ತು ವರ್ಷದ ಮೇಲಾಯ್ತು, ಕೊನೆಗೆ ಮಲೇಷ್ಯಾದ ಇಪೋ ಗಾರ್ಡನ್ ಕಂಪನಿ 99 ವರ್ಷದ ಲೀಸ್‌ಗೆ ತಗೊಂಡು ರಿಪೇರಿ ಮಾಡ್ಸಿ 1986ರಲ್ಲಿ ಬಾಗಿಲು ತೆರೀತು. ನೀವು ಒಳಗೆ ನೋಡಿದ್ದರಲ್ಲಿ ಎಷ್ಟೋ ಭಾಗ ಆಗ ಹೊಸದಾಗಿ ಮಾಡ್ಸಿದ್ದು.

ರಸೆಲ್ ಮಾರ್ಕೆಟ್ 1927ರದ್ದು, 2012ರಲ್ಲಿ ಬೆಂಕಿ ಬಿದ್ದು ತುಂಬಾ ನೊಂದಿದೆ. ಮಾಡ್ಬಹುದು, ಖಂಡಿತ ಮಾಡ್ಲೇಬೇಕು. ಆದ್ರೆ ಸಿಡ್ನಿಯಲ್ಲಿ ಈಗಿರೋದು ದುಬಾರಿ ಅಂಗಡಿಗಳು, ತರಕಾರಿ ಮಾರ್ಕೆಟ್ಟಲ್ಲ. ಶಿವಾಜಿನಗರದಲ್ಲಿ ಹಣ್ಣಿನೋರು, ಹೂವಿನೋರು, ಮಟನ್ ಅಂಗಡಿಯೋರನ್ನ ಎಬ್ಬಿಸಿ ಕಟ್ಟಡ ಮಾತ್ರ ಫಳಫಳ ಅನ್ನಿಸೋದಾದ್ರೆ ನನಗೆ ಬೇಡ, ಬೆಳಗ್ಗೆ ಆ ಗದ್ದಲ ಇದ್ರೇನೇ ಅದು ರಸೆಲ್ ಮಾರ್ಕೆಟ್ಟು.

ಪ್ರಶ್ನೆ: ನಮ್ಮ ತಾತನ ಕಾಲದ ಅಂಗಡಿ ಗೋಡೆ ಉದುರ್ತಿದೆ. ಸಿಮೆಂಟ್ ಪ್ಲಾಸ್ಟರ್ ಹಾಕಿಸ್ಲಾ?
(ಓದುಗರು, ಚಿಕ್ಕಪೇಟೆ)

ಉತ್ತರ: ಬೇಡ, ದಯವಿಟ್ಟು ಹಾಕಿಸ್ಬೇಡಿ. ನಿಮ್ಮದು ಸುಣ್ಣದ ಗಾರೆ ಗೋಡೆ ಆಗಿದ್ರೆ ಅದು ತೇವ ಹೀರ್ಕೊಂಡು ಮತ್ತೆ ಹೊರಗೆ ಬಿಡುತ್ತೆ, ಮೇಲೆ ಸಿಮೆಂಟ್ ಬಳಿದ್ರೆ ಆ ನೀರು ಒಳಗೇ ಸಿಕ್ಕಾಕೊಂಡು ಇಟ್ಟಿಗೇನೇ ಪುಡಿ ಆಗುತ್ತೆ, ನಾವು ಗಟ್ಟಿ ಮಾಡಿದ್ವಿ ಅಂದ್ಕೋತೀವಿ ಅಷ್ಟೆ. ಮೊದ್ಲು ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ, ಮಾಳಿಗೆ, ಮಳೆನೀರು ಹರಿಯೋ ದೋಣಿ, ಪೈಪು ಎಲ್ಲ ನೋಡಿ. ಆಮೇಲೆ ಸುಣ್ಣ ಮರಳಿನ ಗಾರೇನೇ ಹಾಕಿಸಿ. ಹಿಂದೆ ಅದಕ್ಕೆ ಬೆಲ್ಲ, ಅಳಲೆಕಾಯಿ ನೀರು ಕೂಡ ಸೇರಿಸ್ತಿದ್ರು. ಒಣಗೋಕೆ ವಾರಗಟ್ಲೆ ಟೈಮ್ ಬೇಕು, ಮೇಸ್ತ್ರಿ ಅವಸರ ಮಾಡಿದ್ರೆ ಒಪ್ಕೋಬೇಡಿ, ಗೋಡೆ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಪೇಂಟ್ ಬದ್ಲು ಸುಣ್ಣಾನೇ ಹೊಡೆಸಿ.