ಬಾವಿ ನೀರಿಗೆ ಚಹಾದ ಬಣ್ಣ

ಪ್ರಶ್ನೆ: ನಮ್ಮೂರಿನ ನಾರಿನ ಮಿಲ್ಲಿನ ಮೇಲೆ ಕೆಲವರು ದೂರು ಕೊಟ್ಟಿದ್ದಾರೆ. ಹಿಂದೆ ಹಿರಿಯರು ಸಿಪ್ಪೆಯನ್ನು ಹೊಳೆಯಲ್ಲೇ ಕೊಳೆಹಾಕುತ್ತಿದ್ದರು. ಇದೇನು ಪ್ಲಾಸ್ಟಿಕ್ಕಾ? ತೆಂಗಿನ ಸಿಪ್ಪೆಯಿಂದ ಏನು ಹಾಳು? ಮಿಲ್ಲು ಮುಚ್ಚಿದರೆ ಅಲ್ಲಿನ ಹೆಂಗಸರ ಗತಿ?
— ಓದುಗರೊಬ್ಬರು, ಕುಂಬಳೆ, ಕಾಸರಗೋಡು ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆ ನ್ಯಾಯವಾದದ್ದು. ದಿನದ ಸಂಬಳ ತಪ್ಪಿದರೆ ಒಲೆ ಉರಿಯದ ಮನೆಗಳಿವೆ, ಒಪ್ಪಿದೆ. ಆದರೆ ‘ತೆಂಗಿನದು, ಏನೂ ಆಗದು’ ಅನ್ನುವ ಮಾತಿಗೆ ನಾನು ಜಗಳಕ್ಕೇ ಬರುತ್ತೇನೆ. ಸೆಗಣಿಯೂ ನಮ್ಮ ಹಟ್ಟಿಯದ್ದೇ. ಬಾವಿಗೆ ಹಾಕ್ತೀರಾ?

ಹಿರಿಯರು ಕೊಳೆಹಾಕಿದ್ದು ನಿಜ. ಆ ಹೊಳೆಬದಿಯ ನಾತ ಮರೆತುಹೋಯಿತಾ? ಕೊಳೆತ ಮೊಟ್ಟೆಯ ವಾಸನೆ, ಹೈಡ್ರೋಜನ್ ಸಲ್ಫೈಡ್ ಅದು. ಸಿಪ್ಪೆ ಆರರಿಂದ ಹತ್ತು ತಿಂಗಳು ನೀರಲ್ಲಿ ಬಿದ್ದಿರುತ್ತದೆ. ನಾರಿನ ಅಂಟು ಬಿಡುತ್ತದೆ, ಜತೆಗೆ ನೀರಿನ ಆಮ್ಲಜನಕವೂ ಖಾಲಿ. ಮತ್ತೆ ಮೀನು, ಮರುವಾಯಿ ಎಲ್ಲಿಂದ ಬರಬೇಕು?

ಈಗ ಯಂತ್ರ ಬಂದಿದೆ, ಹೊಳೆ ಬೇಡ ಅನ್ನುತ್ತಾರೆ. ಆದರೆ ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಹುಡಿ ಉಳಿಯುತ್ತದೆ. ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ವಸ್ತು, ಜಾಸ್ತಿ ಇರುವ ಹುಡಿ, ಬೇಗ ಮಣ್ಣಾಗದು. ನನ್ನ ದೊಡ್ಡಮ್ಮನ ಮನೆ ಅಂಥದೊಂದು ರಾಶಿಯ ಕೆಳಗಿನ ತಗ್ಗಿನಲ್ಲಿತ್ತು. ಎರಡನೇ ಮಳೆಗಾಲಕ್ಕೆ ಕೊಡಪಾನದಲ್ಲಿ ಹಾಲು ಹಾಕದ ಚಹಾ! ದೊಡ್ಡಪ್ಪನ ಬಿಳಿ ಮುಂಡು ಒಗೆದು ಹಾಕಿದರೆ ಅಂಚಿನವರೆಗೆ ಕಂದು. ಸಿಪ್ಪೆಯ ಒಗರು, ಬೇರೇನಲ್ಲ. ಮಿಲ್ಲಿನವರು ಬಂದು ನೋಡಿ, ‘ಕುದಿಸಿ ಕುಡೀರಿ’ ಅಂದು ಹೋದರು.

ಕಾನೂನು ಇಲ್ಲವಾ? ಇದೆ. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಹೊಳೆಗೆ ಮಾತ್ರವಲ್ಲ, ಬಾವಿಗೂ ನೆಲಕ್ಕೂ ಹೊಲಸು ಬಿಡಬಾರದು ಅನ್ನುತ್ತದೆ. ತಮಿಳುನಾಡಿನಲ್ಲಿ ನಾರಿನ ಘಟಕಗಳು ಮೊದಲು ‘ಬಿಳಿ’ ವರ್ಗದಲ್ಲಿದ್ದವು, ಅಂದರೆ ಬಹುತೇಕ ನಿರಪಾಯ. 2021ರಲ್ಲಿ ‘ಕಿತ್ತಳೆ’ಗೆ, ಅಂದರೆ ಮಾಲಿನ್ಯ ಹೆಚ್ಚಿರುವ ವರ್ಗಕ್ಕೆ ಹಾಕಿದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು ಅಂದದ್ದೇ ತಡ, ಅಲ್ಲಿನ ಪೊಳ್ಳಾಚಿಯ ಮಿಲ್ಲು ಮಾಲೀಕರು ಸಿಟ್ಟಾದರು. ಅವರ ಕಷ್ಟ ಅವರಿಗೆ. ಬಾವಿಯವರ ಕಷ್ಟ ಕೇಳಿದವರು ಯಾರು?

ಹಾಗಂತ ಮಿಲ್ಲು ಮುಚ್ಚಲೇಬೇಕಂತಿಲ್ಲ. ನಾರು ಮಂಡಳಿಯವರೇ ಅಣಬೆಯ ಬೀಜ ಹಾಕಿ ಒಂದು ತಿಂಗಳಲ್ಲಿ ಹುಡಿಯನ್ನು ಗೊಬ್ಬರ ಮಾಡುವ ದಾರಿ ತೋರಿಸಿದ್ದಾರೆ. ರಾಶಿಗೆ ಸಿಮೆಂಟಿನ ನೆಲ, ಮೇಲೊಂದು ಮಾಡು. ಇಷ್ಟಕ್ಕೆ ಯಾವ ಹೆಂಗಸಿನ ಕೆಲಸವೂ ಹೋಗದು.

‘ಸುಮ್ನೆ ಹೆದರಬೇಡಿ’ ಅನ್ನುವ ಮಾತು ಕಾಸರಗೋಡಿನವರಿಗೆ ಹೊಸದಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವಾಗಲೂ ಕೇಳಿದ್ದೇವೆ. ನೀವು ಓದಿದವರು, ನೀವೂ ಅದನ್ನೇ ಹೇಳಿದರೆ ಹೇಗೆ?

ದೊಡ್ಡಮ್ಮ ಕನ್ನಡದಲ್ಲಿ ದೂರು ಬರೆದಿದ್ದರು. ಕನ್ನಡದವರಿಗೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ ಭಾಷಾ ಕಾಯ್ದೆಯಲ್ಲಿದೆ. ಬಂದದ್ದು ಎರಡು ಪುಟ ಮಲಯಾಳ. ಓದಿ ಹೇಳಲು ನಾನು ಹೋಗುವಷ್ಟರಲ್ಲಿ ಅದನ್ನು ಮಾವಿನಮಿಡಿ ಉಪ್ಪಿನಕಾಯಿಯ ಭರಣಿಗೆ ಮುಚ್ಚಿ ಕಟ್ಟಿದ್ದರು.