ಬಿನ್ನವತ್ತಳೆಯ ಒಂದು ಸಾಲು

(ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.)

55 ದಾಟಿದ ಕನ್ನಡ ಉಪನ್ಯಾಸಕಿ, ಮಲೆನಾಡಿನವರು. ಮೂರು ವಾರದಿಂದ ನಿದ್ದೆಯಿಲ್ಲ, ಎದೆಬಿಗಿತ. ಇಸಿಜಿ ಸರಿಯಾಗಿದೆ ಎಂದ ವೈದ್ಯರೇ ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕಳಿಸಿದ್ದರು. ಏನಾಯಿತು ಎಂದು ಕೇಳಿದರೆ, "ಅಪ್ಪಯ್ಯಂದು ಸಹಸ್ರ ಚಂದ್ರ ದರ್ಶನ ಶಾಂತಿ ಇದೆ ಮೇಡಂ. ಬಿನ್ನವತ್ತಳೆ ನಾನೇ ಬರೀಬೇಕಂತೆ" ಅಂದರು.

ಸಾವಿರ ಹುಣ್ಣಿಮೆ ಕಾಣಲು 80 ವರ್ಷದ ಮೇಲೆ ಹತ್ತು ತಿಂಗಳು ಬೇಕು. ಅಷ್ಟು ಬಾಳಿದವರ ಬಗ್ಗೆ ಒಂದು ಪುಟ ಬರೆಯುವುದು ಇವರಿಗೆ ದೊಡ್ಡದಲ್ಲ. ಊರಲ್ಲಿ ಯಾರು ನಿವೃತ್ತರಾದರೂ ಬಿನ್ನವತ್ತಳೆ ಇವರದ್ದೇ.

ತಂದೆ ಮುಖ್ಯೋಪಾಧ್ಯಾಯರಾಗಿದ್ದವರು. ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಕಾಲ ಮುಗಿಯುತ್ತ ಬಂದಿದ್ದ ದಿನಗಳಲ್ಲೂ ಬಡ ಹುಡುಗರಿಗೆ ಮನೆಯಲ್ಲಿ ಊಟ ಹಾಕಿಸಿದವರು. ಮಗಳನ್ನು ಮಾತ್ರ ಪಿಯುಸಿಗೇ ಬಿಡಿಸಿ ಮದುವೆ ಮಾಡಿದರು. ಇಷ್ಟು ಕೇಳಿದ್ದೇ ತಡ, ಇದು ತಂದೆಯ ಮೇಲಿನ ಸಿಟ್ಟು ಎಂದು ತೀರ್ಮಾನಿಸಿ, ಕಳಿಸದ ಪತ್ರವೊಂದನ್ನು ಬರೆಯಲು ಹೇಳಿದೆ. ಮರುವಾರ ಒಂಬತ್ತು ಪುಟ ತಂದರು. "ಬೈದು ಮುಗೀತು ಮೇಡಂ. ಸಂಕಟ ಹಾಗೇ ಇದೆ." ನನ್ನ ಲೆಕ್ಕ ತಪ್ಪಿತ್ತು.

ಆಮೇಲೆ ಮೊಬೈಲ್ ತೆಗೆದರು. ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ ಕರಡು. ಹೊಗಳಿಕೆಯನ್ನೆಲ್ಲ ಸರಸರನೆ ದಾಟಿದ ಬೆರಳು ಒಂದು ಕಡೆ ನಿಂತಿತು: 'ಮಗಳನ್ನೂ ಎಂ.ಎ. ಓದಿಸಿದ ದೂರದೃಷ್ಟಿ'.

ಎಂ.ಎ. ಮಾಡಿದ್ದು ಮದುವೆಯಾದ ಮೇಲೆ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಪಾಠ ಓದಿ. 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಆಗುವುದಕ್ಕೂ ಮುಂಚಿನ ಮಾತು. ಫೀಸು ಕೊಟ್ಟದ್ದು ಅಮ್ಮ, ಡೈರಿಗೆ ಹಾಲು ಹಾಕಿದ ದುಡ್ಡಿನಲ್ಲಿ. ಆ ಅಮ್ಮ ತೀರಿಕೊಂಡು ಆರು ವರ್ಷ. ಕರಡಿನಲ್ಲಿ ಅವರ ಹೆಸರೇ ಇರಲಿಲ್ಲ.

ನಾನು ಹೇಳಿದ್ದು ಇಷ್ಟು. ಬಿನ್ನವತ್ತಳೆ ಕೋರ್ಟಿನ ಸಾಕ್ಷಿಯಲ್ಲ, ಎಲ್ಲವನ್ನೂ ಹೇಳಬೇಕಿಲ್ಲ. ಓದು ಬಿಡಿಸಿದ್ದನ್ನು ಆ ದಿನ ಸಭೆಯಲ್ಲಿ ಎತ್ತಬೇಡಿ. ಅಲ್ಲಿ ತಂದೆಗೆ ಉತ್ತರ ಕೊಡಲು ಜಾಗವೇ ಇರುವುದಿಲ್ಲ. ಆದರೆ ಇದ್ದದ್ದನ್ನು ಬಿಡುವುದು ಬೇರೆ, ಇಲ್ಲದ್ದನ್ನು ಸೇರಿಸುವುದು ಬೇರೆ. ಈ ಸಾಲು ನೀವು ದುಡಿದದ್ದನ್ನು ಅವರ ಖಾತೆಗೆ ಜಮಾ ಮಾಡುತ್ತಿದೆ. ಅದನ್ನು ಮಾತ್ರ ತೆಗೆಸಿ. ಅಣ್ಣನ ಮುಂದೆ ನಲವತ್ತು ವರ್ಷದ ಲೆಕ್ಕ ಬಿಚ್ಚಬೇಡಿ, ಒಂದು ಸಾಲಿನ ಮಾತಾಡಿ. ಅವರು ಒಪ್ಪದಿದ್ದರೆ 'ನನ್ನಿಂದಾಗದು, ಬೇರೆಯವರ ಹತ್ತಿರ ಬರೆಸಿ' ಎನ್ನಲು ಹಿಂಜರಿಯಬೇಡಿ. ಕೊನೆಗೆ ಒಂದು ಕೇಳಿದೆ: "ಆ ಹುಡುಗರಿಗೆ ಅನ್ನ ಬೇಯಿಸಿದ್ದು ಯಾರು?"

ಸ್ವಲ್ಪ ಹೊತ್ತು ಸುಮ್ಮನಿದ್ದವರು ಇದ್ದಕ್ಕಿದ್ದಂತೆ ನಕ್ಕರು. "ಆತಕೂರು ಶಾಸನ ಪಾಠ ಮಾಡ್ತೀನಲ್ಲ ಮೇಡಂ. ಹತ್ತನೇ ಶತಮಾನದ ಕಲ್ಲು. ಮಣಲೇರ ಅನ್ನೋ ವೀರನ ನಾಯಿ ಕಾಳಿ ಹಂದಿ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಅದು ಮಾಡಿದ್ದೇನು ಅಂತ ಸಾವಿರ ವರ್ಷದ ಮೇಲೂ ಗೊತ್ತಾಗುತ್ತೆ. ನಮ್ಮಮ್ಮ ಮಾಡಿದ್ದು ಎಲ್ಲೂ ಇಲ್ಲ ನೋಡಿ."

ಅಣ್ಣ ಸುಲಭಕ್ಕೆ ಬಗ್ಗಲಿಲ್ಲವಂತೆ. "ಇಷ್ಟು ಸಣ್ಣ ವಿಷಯಕ್ಕೆ?" ಎಂದು ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ 'ನಿನ್ನಿಷ್ಟ' ಎಂಬ ಒಂದೇ ಮೆಸೇಜು. ಇವರು ಆ ಸಾಲು ಹೊಡೆದುಹಾಕಿ, ವಾರಾನ್ನದ ಹುಡುಗರ ಮಾತು ಬರುವಲ್ಲಿ ಅಮ್ಮನ ಹೆಸರು ಬರೆದರು. ಅಪ್ಪಯ್ಯನ ಬಗ್ಗೆ ಇದ್ದ ಉಳಿದ ಒಳ್ಳೆಯ ಮಾತುಗಳನ್ನು ಮುಟ್ಟಲಿಲ್ಲ. ಅವು ನಿಜವಾಗಿದ್ದವು.

ಕಾರ್ಯಕ್ರಮ ಮುಗಿದ ಮೇಲೆ ಬಂದಾಗ ನಿದ್ದೆ ಪರವಾಗಿಲ್ಲ ಎಂದರು. ಆಗಿನ ಹುಡುಗನೊಬ್ಬ, ಈಗ ತಲೆ ನರೆತವನು, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತು ಅಮ್ಮನ ತಂಬುಳಿಯ ಮಾತು ತೆಗೆದನಂತೆ.

"ಅಪ್ಪಯ್ಯ ಏನಂದರು?"

"ಗದ್ದಲ ಜಾಸ್ತಿ ಅಂತ ಕಿವಿ ಮಷಿನ್ ತೆಗೆದಿಟ್ಟಿದ್ರು ಮೇಡಂ."